ದೊಡ್ಡಳಿಯನ ಕೈಗೆ ಸ್ಕ್ಯಾನರ್ ಬಂದದ್ದು

ನನಗೆ ಹೊಟ್ಟೆಕಿಚ್ಚಿನ ಸ್ವಭಾವ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದರೆ ನಿಮಗೆ ಅನುಮಾನ ಬರುತ್ತದೆ. ಪಕ್ಕದ ಮನೆಯವರು ಹೊಸ ಕಾರು ತಂದಾಗ ಅವರು ಕೊಟ್ಟ ಪೇಡಾವನ್ನು ಸಂತೋಷದಿಂದ ತಿಂದವನು ನಾನು. ನನ್ನ ತಮ್ಮ ಮನೆಯ ಮೇಲೆ ಮನೆ ಕಟ್ಟಿದಾಗ ಅವನ ತಾರಸಿಯ ಮೇಲೆ ನಿಂತು "ಗಾಳಿ ಚೆನ್ನಾಗಿ ಬತ್ತದೆ ಕಣೋ" ಎಂದು ಮನಸಾರೆ ಹೇಳಿದವನು. ಆದರೆ ನನ್ನ ಷಡ್ಡಕ ಲೋಕೇಶನ ಸೊಂಟದಲ್ಲಿ ಸ್ಕ್ಯಾನರ್ ನೇತಾಡಿದ ದಿನ ಮಾತ್ರ ನನ್ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಬೆಳಿಗ್ಗೆ ತಿಂದ ಮೆಣಸಿನಕಾಯಿ ಬೋಂಡದ ಕೆಲಸ ಇರಬೇಕೆಂದು ಸೋಡಾ ಕುಡಿದೆ. ಆರಲಿಲ್ಲ!

ನನ್ನ ಹೆಸರು ಓಂಕಾರಪ್ಪ. ಕಡೂರಿನ ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸಲ್ ವ್ಯಾನಿನ ಡ್ರೈವರ್. ಬೆಳಿಗ್ಗೆ ಯಗಟಿ, ಮಧ್ಯಾಹ್ನದ ಮೇಲೆ ಸಖರಾಯಪಟ್ಟಣ. ಇದು ನನ್ನ ಲೈನು. ಲೋಕೇಶನೂ ಅದೇ ಆಫೀಸಿನವನು. ಅವನದು ತರೀಕೆರೆ, ಲಿಂಗದಹಳ್ಳಿ ಲೈನು. ಅಜ್ಜಂಪುರದ ಪಾರ್ವತಮ್ಮನವರ ದೊಡ್ಡ ಮಗಳು ಶಶಿಕಲಾ ನನ್ನ ಹೆಂಡತಿ, ಚಿಕ್ಕ ಮಗಳು ಸುಧಾ ಅವನ ಹೆಂಡತಿ. ಅವನಿಗೆ ಈ ಕೆಲಸ ಕೊಡಿಸಿದವನೂ ನಾನೇ. ವ್ಯಾನಿನ ಕ್ಲಚ್ ಎಷ್ಟು ಬಿಡಬೇಕು ಎಂದು ಹೇಳಿಕೊಟ್ಟವನೂ ನಾನೇ. ಈ ಎರಡು ವಿಷಯಗಳನ್ನು ಅವನು ಮರೆತುಬಿಟ್ಟಾನು ಎಂಬ ಕಾಳಜಿಯಿಂದ ಆಗಾಗ ನೆನಪಿಸುತ್ತಿರುತ್ತೇನೆ.

ಅಲ್ಲಿಯವರೆಗೆ ನಮ್ಮದೆಲ್ಲ ಕಾಗದದ ಕಾರುಬಾರು. ಬೆಳಿಗ್ಗೆ ಆಫೀಸಿನಲ್ಲಿ ಒಂದು ಉದ್ದನೆಯ ಶೀಟು ಕೊಡುತ್ತಿದ್ದರು. ಪಾರ್ಸಲ್ ಕೊಟ್ಟಾಗ ಅದರ ಮೇಲಿನ ಚೀಟಿಯ ಕೆಳಗಿನ ತುಂಡನ್ನು ಹರಿದು ಶೀಟಿಗೆ ಅಂಟಿಸಿ, ಪಕ್ಕದಲ್ಲಿ ಮನೆಯವರ ಸಹಿ ಹಾಕಿಸಬೇಕು. ಇದು ನಿಯಮ. ಆ ನಿಯಮಕ್ಕೂ ನನಗೂ ನಡುವೆ ಒಂದು ಸೌಹಾರ್ದದ ಒಪ್ಪಂದ ಇತ್ತು. ಯಗಟಿಯಲ್ಲಿ ಬಿಸಿಲಿನಲ್ಲಿ ಮನೆ ಮನೆ ಅಲೆಯುವುದೇಕೆ? ಹಿಟ್ಟಿನ ಗಿರಣಿಯಲ್ಲಿ ಎಲ್ಲವನ್ನೂ ಇಳಿಸಿದರೆ ಆಯಿತು. ರಾಗಿ ಬೀಸಿಸಲು ಬಾರದ ಮನೆ ಆ ಊರಿನಲ್ಲಿ ಯಾವುದಿದೆ? ಹಿಟ್ಟಿನ ಜೊತೆಗೆ ಪಾರ್ಸಲ್ಲೂ ಮನೆ ಸೇರುತ್ತದೆ. ಗಿರಣಿಯವರ ಕೈಯಲ್ಲಿ ಶೀಟಿನ ತುಂಬ ಸಾಲಾಗಿ ಸಹಿ ಹಾಕಿಸಿಕೊಂಡು, ಹರಿದ ಚೀಟಿಗಳನ್ನು ಜೇಬಿಗೆ ತುಂಬಿಕೊಂಡು, ಊಟವಾದ ಮೇಲೆ ಮರದ ನೆರಳಿನಲ್ಲಿ ಕುಳಿತು ಎಲ್ಲವನ್ನೂ ಒಂದೇ ಸಲ ಅಂಟಿಸುತ್ತಿದ್ದೆ. ಊಟಕ್ಕೆ ಮುಂಚೆ ಶೀಟು ತುಂಬುವ ಡ್ರೈವರನ್ನು ನಾನು ಕಂಡಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಪಾರ್ಸಲ್ಲೂ ಕಳೆದಿಲ್ಲ. ಕೆಲವಕ್ಕೆ ಸ್ವಲ್ಪ ಹಿಟ್ಟು ಮೆತ್ತಿದೆ, ಅಷ್ಟೆ.

ಹೀಗಿರುವಾಗ ಸ್ಕ್ಯಾನರುಗಳು ಬಂದವು. ಎಲ್ಲರಿಗೂ ಸಾಲುವಷ್ಟು ಬರಲಿಲ್ಲ. ನಮ್ಮ ಇನ್‌ಚಾರ್ಜ್ ಮೇಡಂ ಪಟ್ಟಿ ಓದಿದರು. ಲೋಕೇಶನ ಹೆಸರಿತ್ತು. ನನ್ನದಿರಲಿಲ್ಲ!

"ನಿಮಗೆ ಮುಂದಿನ ಸಲ ಓಂಕಾರಪ್ಪನವರೇ. ನೀವು ಹಿರಿಯರು, ನಿಮಗೆ ಕಾಗದ ಅಭ್ಯಾಸ ಆಗಿದೆ" ಎಂದರು ಮೇಡಂ.

ಹಿರಿಯರು ಎಂಬ ಮಾತನ್ನು ಊಟದ ಪಂಕ್ತಿಯಲ್ಲಿ ಹೇಳಿದರೆ ಮರ್ಯಾದೆ. ಮೆಷಿನ್ ಹಂಚುವಾಗ ಹೇಳಿದರೆ ಅದರ ಅರ್ಥವೇ ಬೇರೆ.

ಮರುದಿನದಿಂದ ಆಫೀಸಿನ ಮುಂದೆ ಪಾರ್ಸಲ್ ತುಂಬುವಾಗಲೆಲ್ಲ ದೊಡ್ಡ ಚರ್ಚಾಕೂಟ. ಒಂದು ಕಡೆ ಮೆಷಿನ್ ಪಕ್ಷ, ಇನ್ನೊಂದು ಕಡೆ ಕಾಗದದ ಪಕ್ಷ. ಕಾಗದದ ಪಕ್ಷಕ್ಕೆ ನಾನೇ ಅಧ್ಯಕ್ಷ, ನಾನೇ ವಕ್ತಾರ.

"ಕಾಗದಕ್ಕೆ ಚಾರ್ಜು ಬೇಕೇನೋ?" ಎಂದೆ.

"ವ್ಯಾನಲ್ಲೇ ಚಾರ್ಜ್ ಆಗ್ತದೆ ಅಣ್ಣ" ಎಂದ ಲೋಕೇಶ.

"ಲಿಂಗದಹಳ್ಳಿ ಕಡೆ ಗುಡ್ಡದ ಬುಡದಾಗೆ ನೆಟ್‌ವರ್ಕ್ ಎಲ್ಲೈತೆ? ಆಗೇನ್ ಮಾಡ್ತೀಯ?"

"ಅದು ಒಳಗೇ ಇಟ್ಕೊಂಡಿರತ್ತೆ ಅಣ್ಣ. ನೆಟ್‌ವರ್ಕ್ ಸಿಕ್ಕಾಗ ತಾನೇ ಕಳಿಸ್ತದೆ."

"ಬಿಸಿಲಾಗೆ ಪರದೆ ಕಾಣಲ್ಲ!"

"ಕೈ ಅಡ್ಡ ಹಿಡ್ಕಂಡ್ರೆ ಕಾಣ್ತದೆ. ನಿಮ್ಮ ಶೀಟು ಮಳೇಲಿ ನೆನೆದ್ರೆ?"

"ಯಗಟಿಗೆ ಮಳೆ ಎಲ್ಲಿಂದ ಬರಬೇಕೋ!" ಎಂದೆ. ಎಲ್ಲರೂ ನಕ್ಕರು. ಇಡೀ ವಾದದಲ್ಲಿ ನಾನು ಗೆದ್ದದ್ದು ಅದೊಂದೇ ಮಾತು. ಅದೂ ನಮ್ಮೂರ ಕಡೆಯ ಕಷ್ಟವನ್ನು ಮುಂದಿಟ್ಟುಕೊಂಡು.

ಮಾತು ಹೇಗಾದರೂ ಇರಲಿ, ಆ ಮೆಷಿನ್ನಿನ ಸದ್ದು ಮಾತ್ರ ತಡೆಯಲಾಗುತ್ತಿರಲಿಲ್ಲ. ಪಾರ್ಸಲ್ಲಿನ ಮೇಲೆ ಕೆಂಪು ಬೆಳಕು ಬಿಟ್ಟರೆ 'ಟುಂಯ್' ಎನ್ನುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು ಒಂದು ಹೆಸರು ಬರೆಯುವಷ್ಟರಲ್ಲಿ ಪಕ್ಕದಲ್ಲಿ ಟುಂಯ್, ಟುಂಯ್, ಟುಂಯ್! ಲೋಕೇಶ ವ್ಯಾನಿನ ಬಾಗಿಲು ಹಾಕಿ "ಬತ್ತೀನಿ ಅಣ್ಣ" ಎಂದು ಹೊರಟುಬಿಡುತ್ತಿದ್ದ. ಆ 'ಬತ್ತೀನಿ' ಎಷ್ಟು ವಿನಯದಿಂದ ಇರುತ್ತಿತ್ತೆಂದರೆ, ಅದಕ್ಕಿಂತ ಅವನು ಬೈದಿದ್ದರೆ ವಾಸಿಯಾಗಿತ್ತು.

ಮನೆಯಲ್ಲಾದರೂ ನೆಮ್ಮದಿ ಇದೆಯೇ? ಶಶಿಕಲಾ ರೊಟ್ಟಿ ತಟ್ಟುತ್ತಲೇ ಶುರು ಮಾಡಿದಳು.

"ರೀ, ಲೋಕೇಶಂಗೆ ಅದೇನೋ ಮೆಷಿನ್ ಕೊಟ್ಟವರಂತೆ. ಸುಧಾ ಫೋನ್ ಮಾಡಿ ಅರ್ಧ ಗಂಟೆ ಅದೇ ಹೇಳಿದ್ಲು. ನಿಮಗ್ಯಾಕೆ ಕೊಡ್ಲಿಲ್ಲ?"

"ನಾನೇ ಬೇಡ ಅಂದೆ."

"ಬೇಡ ಅಂದ್ರಾ? ಇಲ್ಲ ಅಂದ್ರಾ?"

ನಾನು ರೊಟ್ಟಿ ಚೆನ್ನಾಗಿದೆ ಎಂದೆ. ಅದಿನ್ನೂ ಹಂಚಿನ ಮೇಲೆಯೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಜ್ಜಂಪುರ ಲೈನಿನ ಡ್ರೈವರ್ ಬೇರೆ ಕೆಲಸ ಸಿಕ್ಕಿತೆಂದು ಬಿಟ್ಟುಹೋದ. ಆ ಲೈನನ್ನು ಮೆಷಿನ್ ಇರುವವರಿಗೇ ಕೊಡುತ್ತೇವೆ ಎಂದು ಮೇಡಂ ಹೇಳಿದರು. ಅಜ್ಜಂಪುರ ಎಂದರೆ ಯಾವುದೋ ಊರಲ್ಲ, ನನ್ನ ಅತ್ತೆಯ ಮನೆ ಇರುವ ಊರು! ಆ ಮನೆಯಲ್ಲಿ ನಾನು ದೊಡ್ಡಳಿಯ. ನಾನು ಹೋದರೆ ಕೈ ಇರುವ ಮರದ ಕುರ್ಚಿ ನನಗೆ, ಪ್ಲಾಸ್ಟಿಕ್ ಸ್ಟೂಲು ಲೋಕೇಶನಿಗೆ. ಮೊದಲ ಮುದ್ದೆ ನನ್ನ ತಟ್ಟೆಗೆ. ಇನ್ನು ಇವನು ಪ್ರತಿದಿನ ಮಧ್ಯಾಹ್ನ ಮೆಷಿನ್ ನೇತುಹಾಕಿಕೊಂಡು ಅಲ್ಲಿಗೆ ಹೋಗಿ ಉಣ್ಣುತ್ತಾ ಕುಳಿತರೆ, ಹಬ್ಬಕ್ಕೊಮ್ಮೆ ಹೋಗುವ ನನ್ನನ್ನು ಯಾರು ಕೇಳುತ್ತಾರೆ? ಆ ಕುರ್ಚಿಯಲ್ಲಿ ಅವನು ಕಾಲು ಚಾಚಿ ಕುಳಿತಂತೆ ಕಣ್ಣಿಗೆ ಕಟ್ಟಿತು. ಹೌದು ಸ್ವಾಮಿ, ಹೊಟ್ಟೆಕಿಚ್ಚೇ! ಸೋಡಾ ಕುಡಿದರೆ ಆರುವ ಜಾತಿಯದಲ್ಲ.

ಮೇಡಂ ಮುಂದೆ ನಿಂತು ಒಂದು ಭಾಷಣ ಮಾಡಿದೆ. ನನ್ನ ಸೇವೆ, ನನ್ನ ನಿಷ್ಠೆ, ತಂತ್ರಜ್ಞಾನದ ಬಗ್ಗೆ ನನಗಿರುವ ಅಪಾರ ಗೌರವ. ಹಿಂದಿನ ದಿನದವರೆಗೂ ಕಾಗದದ ಪಕ್ಷದ ಅಧ್ಯಕ್ಷನಾಗಿದ್ದವನು ಒಂದೇ ರಾತ್ರಿಯಲ್ಲಿ ಪಕ್ಷಾಂತರ ಮಾಡಿದ್ದೆ. ಮೇಡಂ ಕರಗಿದರು. ಬಿಟ್ಟುಹೋದವನು ಒಪ್ಪಿಸಿದ್ದ ಮೆಷಿನ್ನನ್ನು ಬೀರುವಿನಿಂದ ತೆಗೆದು, "ಶುಕ್ರವಾರ ಅಜ್ಜಂಪುರ ಲೈನಿಗೆ ನೀವೇ ಹೋಗಿ ಬನ್ನಿ. ಸರಿಯಾಗಿ ಮಾಡಿದರೆ ಲೈನು ನಿಮ್ಮದೇ. ಇಲ್ಲದಿದ್ದರೆ ಲೋಕೇಶನಿಗೆ" ಎಂದರು.

ಅದಕ್ಕೆ ಮುಂಚೆ ತರಬೇತಿ. ಹೇಳಿಕೊಡುವವನು ಯಾರು? ಲೋಕೇಶ! ಅವನು ಮೆಷಿನ್ ಹಿಡಿದುಕೊಂಡು ವಿವರಿಸುತ್ತಿದ್ದರೆ, ನಾನು ಕಿಟಕಿಯ ಹೊರಗೆ ಹೋಗುತ್ತಿದ್ದ ಬೀರೂರು ಬಸ್ಸನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಕ್ಲಚ್ ಕಲಿಸಿದವನಿಗೆ ಇವನು ಕಲಿಸುವುದೇ?

"ಓಂಕಾರಪ್ಪನವರೇ, ಏನಾದರೂ ಡೌಟು?" ಎಂದರು ಮೇಡಂ.

"ನನಗಿಲ್ಲ ಮೇಡಂ. ಮೆಷಿನ್ನಿಗೆ ನನ್ನ ಮೇಲೆ ಡೌಟು ಬರದಿದ್ರೆ ಸಾಕು!"

ಎಲ್ಲರೂ ನಕ್ಕರು. ಲೋಕೇಶ ಮಾತ್ರ ಹತ್ತಿರ ಬಂದು, "ಅಣ್ಣ, ಶುಕ್ರವಾರ ಬೇಕಾದ್ರೆ ನಾನೂ ಜೊತೇಲಿ ಬತ್ತೀನಿ" ಎಂದ.

"ಬೇಡಪ್ಪ. ನಿನ್ನ ಲೈನು ನೀನು ನೋಡ್ಕೋ" ಎಂದೆ.

ಶುಕ್ರವಾರ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ, ಸೊಂಟಕ್ಕೆ ಮೆಷಿನ್ ಸಿಕ್ಕಿಸಿಕೊಂಡು ಬೀರೂರು ದಾಟಿ ಅಜ್ಜಂಪುರ ಮುಟ್ಟಿದೆ. ಮೊದಲ ಮನೆಯ ಮುಂದೆ ಇಳಿದು ಗುಂಡಿ ಒತ್ತಿದೆ. ಪರದೆಯ ಮೇಲೆ ನನ್ನ ಮುಖ ಬಂತು. ಇನ್ನೊಂದು ಗುಂಡಿ ಒತ್ತಿದೆ. ನನ್ನ ಹೆಬ್ಬೆರಳಿನ ಫೋಟೋ ಬಂತು. ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನಣ್ಣ, ಕೆಟ್ಟೋಗೈತಾ?" ಎಂದಳು. "ಇಲ್ಲಮ್ಮ, ಪೂರ್ವಸಿದ್ಧತೆ ನಡೀತಾ ಐತೆ" ಎಂದೆ. ಬಿಸಿಲಿಗೆ ಕೈ ಅಡ್ಡ ಹಿಡಿದರೆ ಗುಂಡಿ ಒತ್ತಲು ಇನ್ನೊಂದು ಕೈ ಇಲ್ಲ, ಪಾರ್ಸಲ್ ಅದರಲ್ಲಿತ್ತು. ಹಲ್ಲಿನಲ್ಲಿ ಪಾರ್ಸಲ್ ಕಚ್ಚಿಕೊಳ್ಳೋಣವೆಂದರೆ ಅದು ತಗಡಿನ ಡಬ್ಬ.

ಆಗ ನನಗೆ ಒಂದು ಭವ್ಯವಾದ ಯೋಚನೆ ಹೊಳೆಯಿತು. ಮೆಷಿನ್ ಹೊಸದಾದರೇನು, ಪದ್ಧತಿ ನಮ್ಮದೇ ಇದೆಯಲ್ಲ! ಅಜ್ಜಂಪುರದಲ್ಲೂ ಹಿಟ್ಟಿನ ಗಿರಣಿ ಇದೆ. ಗಿರಣಿಯ ರಾಜಣ್ಣ ನಮ್ಮ ಮಾವನ ಪರಿಚಯದವರು. ಪಾರ್ಸಲ್ಲುಗಳನ್ನೆಲ್ಲ ಅಲ್ಲಿ ಇಳಿಸಿ, ಚೀಟಿಗಳ ಕೆಳಗಿನ ತುಂಡನ್ನು ಹರಿದುಕೊಂಡು, ಅತ್ತೆಯ ಮನೆಯ ನೆರಳಿನಲ್ಲಿ ಕುಳಿತು ಎಲ್ಲವನ್ನೂ ಒಂದೇ ಸಲ ಟುಂಯ್ ಅನ್ನಿಸಿದರೆ ಆಯಿತು. ಮೆಷಿನ್ ಓದುವ ಗೀರು ಗೀರಿನ ಗುರುತು ಇರುವುದು ಚೀಟಿಯಲ್ಲಿ ತಾನೇ? ಅತ್ತೆಯೂ ನೋಡಿದಂತಾಯಿತು. ಲೋಕೇಶನಿಗೆ ಇಂಥ ಯೋಚನೆ ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡೆ. ಆ ಮಾತು ನಿಜವೇ ಆಗಿತ್ತು.

ರಾಜಣ್ಣ "ಇಟ್ಟೋಗಿ ಓಂಕಾರಪ್ಪ, ಬಂದೋರಿಗೆ ಕೊಡ್ತೀನಿ" ಎಂದರು. ಕೆಲಸ ಮುಗಿಯಿತು!

ಅತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಮುಖಕ್ಕಿಂತ ಮೊದಲು ಸೊಂಟ ನೋಡಿದರು.

"ಓಹೋ ಅಳಿಯಂದ್ರೇ, ನಿಮಗೂ ಬಂತಾ ಮೆಷಿನ್ನು? ಲೋಕೇಶಪ್ಪಂದೂ ಇಂಥದ್ದೇನಾ?"

"ಇದು ಅದಕ್ಕಿಂತ ಹೊಸದು ಅತ್ತೆ."

ಮೊರದ ಒಂದು ಪಕ್ಕಕ್ಕೆ ಚೀಟಿಗಳನ್ನು ಹರಡಿದೆ. ನೆರಳಿನಲ್ಲಿ ಪರದೆ ಚೆನ್ನಾಗಿ ಕಾಣಿಸಿತು. ಕೆಂಪು ಬೆಳಕು ಬಿಟ್ಟೆ. ಟುಂಯ್! ಅತ್ತೆ ಬೆಚ್ಚಿ ಅವರೆಕಾಯಿ ಕೆಳಗೆ ಹಾಕಿದರು. ನನ್ನ ಬದುಕು ಸಾರ್ಥಕವಾಯಿತು. ಆಮೇಲೆ ಪರದೆಯ ಮೇಲೆ 'ಪಡೆದುಕೊಂಡವರ ಫೋಟೋ ತೆಗೆಯಿರಿ' ಎಂದು ಬಂತು. ಪಡೆದುಕೊಂಡವರು ಅಲ್ಲಿ ಎಲ್ಲಿದ್ದಾರೆ? ಫೋಟೋ ತೆಗೆಯದೆ ಅದು ಮುಂದೆ ಹೋಗುವುದಿಲ್ಲ. ಕಾಗದದಲ್ಲಿ ಗಿರಣಿಯವರು ಎಲ್ಲರ ಪರವಾಗಿ ಸಹಿ ಹಾಕುತ್ತಿರಲಿಲ್ಲವೇ? ಇದೂ ಹಾಗೆಯೇ ಎಂದು ನನ್ನ ಬುದ್ಧಿ ತೀರ್ಪು ಕೊಟ್ಟಿತು.

"ಅತ್ತೆ, ಸ್ವಲ್ಪ ಇತ್ತ ನೋಡಿ."

"ಅಯ್ಯೋ, ಫೋಟೋನಾ? ತಡೀರಿ ತಡೀರಿ!" ಅತ್ತೆ ಒಳಗೆ ಓಡಿ, ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಬಂದರು. ಮೊದಲ ಫೋಟೋದಲ್ಲಿ ಕೋರ್ಟಿಗೆ ಬಂದವರ ಹಾಗೆ ಬಿಗಿಯಾಗಿ ನಿಂತರು. ನಾಲ್ಕಾರು ಚೀಟಿ ಕಳೆಯುವಷ್ಟರಲ್ಲಿ ಸಡಿಲವಾಗಿ ನಗತೊಡಗಿದರು. ಆಮೇಲೆ ಮೊರ ಹಿಡಿದುಕೊಂಡು ಒಂದು, ತುಳಸಿಕಟ್ಟೆಗೆ ಒರಗಿ ಒಂದು, ಕರುವಿನ ಜೊತೆ ಒಂದು. "ಇದು ಚೆನ್ನಾಗಿ ಬಂತಾ ಅಳಿಯಂದ್ರೇ? ಇನ್ನೊಂದ್ ತೆಗೀರಿ" ಎಂದು ಅವರೇ ಉತ್ಸಾಹ ತುಂಬಿದರು. ಟುಂಯ್, ಫೋಟೋ, ಟುಂಯ್, ಫೋಟೋ. ಚೀಟಿಗಳೆಲ್ಲ ಮುಗಿದವು. ಪರದೆಯ ಮೇಲೆ 'ಎಲ್ಲ ಪಾರ್ಸಲ್ ತಲುಪಿವೆ' ಎಂದು ಹಸಿರು ಅಕ್ಷರ ಬಂತು. ಮಧ್ಯಾಹ್ನಕ್ಕೇ ಲೈನು ಮುಗಿಸಿದ ಡ್ರೈವರ್ ಕಡೂರಿನ ಇತಿಹಾಸದಲ್ಲಿ ಇದ್ದಾನೆಯೇ?

ಕೈ ಇರುವ ಕುರ್ಚಿಯಲ್ಲಿ ಕುಳಿತೆ. ಬಿಸಿ ಮುದ್ದೆ, ಅವರೆಕಾಳಿನ ಸಾರು, ಮೇಲೆ ತುಪ್ಪ. ಮೊದಲ ತುತ್ತು ನುಂಗಿದ್ದೆ, ಎರಡನೆಯದು ಕೈಯಲ್ಲಿತ್ತು. ಬಾಗಿಲಲ್ಲಿ ಎದುರು ಮನೆಯ ಸಾವಿತ್ರಮ್ಮ ಬಂದು ನಿಂತರು.

ಇದರ ಗಾಂಭೀರ್ಯ ನಿಮಗೆ ತಿಳಿಯಬೇಕು. ಬಚ್ಚಲ ನೀರಿನ ಚರಂಡಿಯ ವಿಷಯಕ್ಕೆ ಜಗಳವಾಗಿ ಸಾವಿತ್ರಮ್ಮನಿಗೂ ನಮ್ಮ ಅತ್ತೆಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಶಶಿಕಲಾಳ ಮದುವೆಗೂ ಆಕೆ ಬಂದಿರಲಿಲ್ಲ. ಅಂಥವರು ಈಗ ಹೊಸ್ತಿಲಲ್ಲಿ ನಿಂತು ಫೋನು ಮುಂದೆ ಹಿಡಿದರು.

"ಪಾರ್ವತಮ್ಮ, ನನ್ನ ಕುಕ್ಕರ್ ಎಲ್ಲಿ?"

"ನಿನ್ನ ಕುಕ್ಕರ್ ನನ್ನೇನ್ ಕೇಳ್ತೀಯ?" ಎಂದರು ಅತ್ತೆ.

"ನೀನೇ ಇಸ್ಕೊಂಡಿದೀಯಲ್ಲ! ನೋಡಿಲ್ಲಿ!"

ಫೋನಿನಲ್ಲಿ 'ನಿಮ್ಮ ಪಾರ್ಸಲ್ ತಲುಪಿದೆ' ಎಂಬ ಸಂದೇಶ. ಅದರ ಕೆಳಗೆ ಮ್ಯಾಪು. ಮ್ಯಾಪಿನಲ್ಲಿ ನಮ್ಮ ಅತ್ತೆಯ ಮನೆಯ ಮೇಲೆ ಒಂದು ಕೆಂಪು ಚುಕ್ಕೆ. ಅದರ ಕೆಳಗೆ ಪಡೆದುಕೊಂಡವರ ಫೋಟೋ. ಅತ್ತೆ ಕರುವಿನ ಕೊರಳು ತಬ್ಬಿಕೊಂಡು ನಗುತ್ತಿದ್ದರು!

"ನನ್ನ ಕುಕ್ಕರ್ ತಗಂಡು ನಗ್ತಾ ಬೇರೆ ಇದೀಯಲ್ಲೇ ತಾಯಿ!" ಎಂದರು ಸಾವಿತ್ರಮ್ಮ.

ತುತ್ತು ನನ್ನ ಕೈಯಲ್ಲೇ ಉಳಿಯಿತು. ಮೆಷಿನ್ನು ಫೋಟೋವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ ಎಂದುಕೊಂಡಿದ್ದೆ. ಅದು ಪಾರ್ಸಲ್ ತರಿಸಿದವರಿಗೆಲ್ಲ ಕಳಿಸುತ್ತದೆ ಎಂದು ಲೋಕೇಶ ತರಬೇತಿಯಲ್ಲಿ ಹೇಳಿದ್ದನಂತೆ. ನಾನು ಆಗ ಬೀರೂರು ಬಸ್ಸು ನೋಡುತ್ತಿದ್ದೆ!

ಸಾವಿತ್ರಮ್ಮನ ಹಿಂದೆಯೇ ಟೈಲರ್ ನಾಗರತ್ನ ಬಂದಳು. ಅವಳ ಫೋನಿನಲ್ಲಿ ಅತ್ತೆ ತುಳಸಿಕಟ್ಟೆಗೆ ಒರಗಿದ್ದರು. ಬೈಕಿನಲ್ಲಿ ಇಬ್ಬರು ಬಂದರು. ಅವರಲ್ಲಿ ಮೊರ ಹಿಡಿದದ್ದು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಗೌಡರು ನನ್ನನ್ನು ಪಕ್ಕಕ್ಕೆ ಕರೆದು, "ನಂದೊಂದು ಎಣ್ಣೆ ಬಾಟ್ಲಿ ಇತ್ತು. ಯಾವ ಎಣ್ಣೆ ಅಂತ ಯಾರ್ಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿ ಟವೆಲ್ ಇನ್ನಷ್ಟು ಬಿಗಿಮಾಡಿದರು. ಜಗಲಿ ತುಂಬಿತು, ಅಂಗಳ ತುಂಬಿತು. ಯಾವ ಚುನಾವಣೆಯಲ್ಲಿ ನಿಂತವರ ಫೋಟೋವೂ ಅಷ್ಟು ಬೇಗ ಅಷ್ಟು ಮನೆ ತಲುಪಿರಲಿಕ್ಕಿಲ್ಲ. "ಯಾರ್ರೀ ಈ ಯಮ್ಮ, ಎಲ್ಲಾರ್ದೂ ಇಸ್ಕೊಂಡವ್ಳೆ?" ಎಂದು ಪರಸ್ಥಳದವನೊಬ್ಬ ಅತ್ತೆಯ ಎದುರಿಗೇ ಕೇಳಿದ.

ನಾನು ಎಂಜಲು ಕೈಯಲ್ಲೇ ಎದ್ದು ಕೂಗಿದೆ. "ಯಾರೂ ಗಾಬರಿ ಆಗ್ಬೇಡಿ! ಪಾರ್ಸಲ್ಲೆಲ್ಲ ರಾಜಣ್ಣನ ಗಿರಣೀಲಿ ಭದ್ರವಾಗವೆ! ಬನ್ನಿ ನನ್ ಜೊತೆ!"

ನಾನು ಮುಂದೆ, ಊರು ಹಿಂದೆ. ಗಿರಣಿಗೆ ಬೀಗ! ಕರೆಂಟು ಹೋಗಿ, ಹೇಗೂ ಗಿರಣಿ ಓಡುವುದಿಲ್ಲವೆಂದು ರಾಜಣ್ಣ ಬೆಲ್ಟು ತರಲು ಬೀರೂರಿಗೆ ಹೋಗಿದ್ದರು. ಫೋನು ಮಾಡಿದೆ. ಬೀಗದ ಹಿಂದೆ, ಗಿರಣಿಯೊಳಗೆ ಫೋನು ರಿಂಗಾಗುವುದು ಎಲ್ಲರಿಗೂ ಕೇಳಿಸಿತು.

"ಫೋನಾಗೆ ಪಾರ್ವತಮ್ಮನ ಮನೆ ತೋರಿಸ್ತೈತೆ. ನಾವು ಅಲ್ಲೇ ಕೂರ್ತೀವಿ" ಎಂದು ಜನ ತಿರುಗಿದರು. ಈಗ ಊರು ಮುಂದೆ, ನಾನು ಹಿಂದೆ.

ಅತ್ತೆ ಬಂದವರಿಗೆಲ್ಲ ಟೀ ಕಾಯಿಸಲು ಒಲೆ ಹೊತ್ತಿಸಿದರು. ಮನೆಗೆ ಬಂದವರನ್ನು ಹಾಗೇ ಕೂರಿಸುವುದು ಅವರಿಗೆ ಗೊತ್ತಿಲ್ಲ, ಕಳ್ಳಿ ಎಂದು ಹೇಳಲು ಬಂದವರನ್ನು ಕೂಡ. ಕುರ್ಚಿ ಸಾಲದೆ ಮಾವ ಸಾವಿತ್ರಮ್ಮನ ಮನೆಯಿಂದಲೇ ನಾಲ್ಕು ಕುರ್ಚಿ ತಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ತಪ್ಪಾಯ್ತು" ಎಂದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. "ಈ ಊರಿಗೆ ಸೊಸೆಯಾಗಿ ಬಂದಾಗಿಂದ ಕೇಳ್ದೆ ಒಬ್ಬರ ಮನೆ ಕರಿಬೇವಿನ ಎಸಳು ಕಿತ್ತೋಳಲ್ಲ ನಾನು. ಸಾವಿತ್ರಿ ಎದುರಿಗೆ ನನ್ನ ಹಿಂಗೆ ಮಾಡ್ಬಿಟ್ರಲ್ಲ ಅಳಿಯಂದ್ರೇ" ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಲೆಯ ಹೊಗೆ ಎಂದುಕೊಳ್ಳೋಣವೆಂದರೆ ಅದು ಗ್ಯಾಸಿನ ಒಲೆ. ನನಗೆ ನಿಜವಾಗಿಯೂ ಸಂಕಟವಾಯಿತು. ಲೋಕೇಶನ ಮೇಲಿನ ಕಿಚ್ಚಿನಲ್ಲಿ ನಾನು ಸುಟ್ಟದ್ದು ಅತ್ತೆಯ ಮರ್ಯಾದೆಯನ್ನು.

ಸಂಕಟ ಪೂರ್ತಿಯಾಗಲು ಇನ್ನೊಂದೇ ಬಾಕಿ ಇತ್ತು. ಅದೂ ಬಂತು. ತರೀಕೆರೆ ಕಡೆಯಿಂದ ಒಂದು ವ್ಯಾನು ಬಂದು ನಿಂತಿತು. ಲೋಕೇಶ!

"ಅಣ್ಣ, ಹುಷಾರಾಗಿದೀರಾ? ಮೇಡಂ ಕಂಪ್ಯೂಟರಲ್ಲಿ ಅಜ್ಜಂಪುರದ ಪಾರ್ಸಲ್ಲೆಲ್ಲ ಒಂದೇ ಚುಕ್ಕೇಲಿ ನಿಂತುಬಿಟ್ಟವಂತೆ. ವ್ಯಾನೇ ಮಗುಚಿಕೊಂಡೈತೇನೋ ಅಂತ ಗಾಬರಿಯಾಗಿ ನನ್ನ ಕಳಿಸಿದ್ರು" ಎಂದ. ಮಗುಚಿಕೊಂಡಿದ್ದರೆ ಎಷ್ಟೋ ವಾಸಿಯಾಗಿತ್ತು!

ವಿಷಯ ತಿಳಿದು ಅವನು ನಗಲಿಲ್ಲ, ಬೈಯಲಿಲ್ಲ. ಅದೇ ನನಗೆ ಸಹಿಸಲಾಗದ್ದು. "ರಾಜಣ್ಣನ ಮನೇಲಿ ಇನ್ನೊಂದು ಬೀಗದಕೈ ಇರತ್ತಲ್ಲ ಅಣ್ಣ, ಕೇಳಿದ್ರಾ?" ಎಂದ. ನಾನು ಕೇಳಿರಲಿಲ್ಲ. ಗಿರಣಿಯ ಹಿಂದಿನ ಮನೆಯೇ ರಾಜಣ್ಣನದು. ಅವರ ಹೆಂಡತಿ ಒಳಗಿಂದಲೇ ಬೀಗದಕೈ ಎಸೆದರು. ಇಬ್ಬರೂ ಸೇರಿ ಪಾರ್ಸಲ್ಲುಗಳನ್ನು ವ್ಯಾನಿಗೆ ತುಂಬಿ ಅತ್ತೆಯ ಜಗಲಿಗೆ ತಂದೆವು. ಲೋಕೇಶ ಹೆಸರು ಕೂಗಿ ಹಂಚಲು ನಿಂತ.

"ತಡಿಯಪ್ಪ" ಎಂದು ಅತ್ತೆ ಮುಂದೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ಇಸ್ಕೊಂಡೋಳು ನಾನೇ ಅಂತ ಎಲ್ಲಾರ ಫೋನಲ್ಲೂ ಫೋಟೋ ಐತಲ್ಲ, ಕೊಟ್ಟೋಳೂ ನಾನೇ ಆಗ್ಬೇಕು. ಒಬ್ಬೊಬ್ರಿಗೂ ನನ್ನ ಕೈಯಾರೆ ಕೊಡ್ತೀನಿ. ಅದನ್ನೂ ಫೋಟೋ ತೆಗೆದು ಕಳ್ಸು."

ಲೋಕೇಶ ಮೇಡಂಗೆ ಫೋನು ಮಾಡಿ ದಾಖಲೆಗಳನ್ನು ಮತ್ತೆ ತೆರೆಸಿದ. ಅತ್ತೆಯ ಕೈಗೆ ಮೆಷಿನ್ ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದ. ಟುಂಯ್! ಅತ್ತೆ ಈ ಸಲ ಬೆಚ್ಚಲಿಲ್ಲ. ಎಲ್ಲರಿಗಿಂತ ಮೊದಲು ಸಾವಿತ್ರಮ್ಮನನ್ನು ಕರೆದು, ಕುಕ್ಕರಿನ ಡಬ್ಬದ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ ಕೈಗಿಟ್ಟರು.

"ನಾನೇನ್ ನಿನ್ನ ಕಳ್ಳಿ ಅಂದ್ನಾ? ಕುಕ್ಕರ್ ಎಲ್ಲಿ ಅಂದೆ ಅಷ್ಟೆ" ಎಂದರು ಸಾವಿತ್ರಮ್ಮ, ನೆಲ ನೋಡುತ್ತಾ.

"ಟೀ ಕುಡ್ಕಂಡೋಗು" ಎಂದರು ಅತ್ತೆ. ಚರಂಡಿ ಜಗಳ ಮುಗಿದದ್ದು ಹೀಗೆ. ಅದರ ಕೀರ್ತಿ ನನಗೆ ಸಲ್ಲಬೇಕು, ಆದರೆ ಯಾರೂ ಸಲ್ಲಿಸಲಿಲ್ಲ.

ಕೊನೆಯ ಪಾರ್ಸಲ್ಲನ್ನು, ಅದೇ ಎಣ್ಣೆ ಬಾಟಲಿಯನ್ನು, ಟವೆಲ್ಲಿನ ಗೌಡರ ಮನೆಯವರೆಗೂ ಗುಟ್ಟಾಗಿ ಮುಟ್ಟಿಸಿ ಬರುವ ಕೆಲಸ ನನಗೆ ಬಿತ್ತು. ತಿರುಗಿ ಬಂದು ನೋಡುತ್ತೇನೆ, ಕೈ ಇರುವ ಕುರ್ಚಿಯಲ್ಲಿ ಲೋಕೇಶ! ತಟ್ಟೆಯಲ್ಲಿ ಬಿಸಿ ಮುದ್ದೆ, ಅದರ ಮೇಲೆ ನನಗೆ ಹಾಕಿದ್ದಕ್ಕಿಂತ ಹೆಚ್ಚು ತುಪ್ಪ. ನನ್ನ ತಟ್ಟೆಯ ಮುದ್ದೆ ಆರಿ ಕಲ್ಲಾಗಿತ್ತು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅದನ್ನೇ ಮುರಿದೆ.

ಮರುದಿನ ಮೇಡಂ ಬೈಯುತ್ತಾರೆಂದು ತಲೆ ತಗ್ಗಿಸಿ ಹೋದೆ. ಅವರು ನಗುತ್ತಿದ್ದರು.

"ಓಂಕಾರಪ್ಪನವರೇ, ಅಜ್ಜಂಪುರದಲ್ಲಿ ಪಾರ್ಸಲ್ ಇಟ್ಟು ಕೊಡೋಕೆ ಒಂದು ಮನೆ ಹುಡುಕ್ತಾ ಇದ್ವಿ. ನಿಮ್ಮ ಅತ್ತೆ ಮನೆ ಈಗ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಅವರು ಒಪ್ತಾರಾ ಕೇಳಿ."

ನನಗೆ ಮತ್ತೆ ಜೀವ ಬಂತು. ಅತ್ತೆಯ ಮನೆಯೇ ಪಾರ್ಸಲ್ಲಿನ ಮನೆಯಾದರೆ, ಲೈನು ದೊಡ್ಡಳಿಯನಿಗಲ್ಲದೆ ಇನ್ನಾರಿಗೆ? ಅತ್ತೆಯನ್ನು ಒಪ್ಪಿಸಿ ಬಂದವನೂ ನಾನೇ. ಅವರು ಒಪ್ಪಿದ ಮೇಲೆ ಅವರಿಗೊಂದು ಮೆಷಿನ್ ಬೇಕಾಯಿತು. ಬೀರುವಿನಲ್ಲಿ ಬೇರೆ ಇರಲಿಲ್ಲ. ನನ್ನ ಸೊಂಟದ್ದನ್ನು ಬಿಚ್ಚಿಸಿ ಅತ್ತೆಗೆ ಕಳಿಸಿದರು. ಮೆಷಿನ್ ಇಲ್ಲದವರಿಗೆ ಲೈನು ಇಲ್ಲ ಎಂದು ಅಜ್ಜಂಪುರವನ್ನು ಲೋಕೇಶನಿಗೆ ಕೊಟ್ಟರು. ನನಗೆ ಯಗಟಿ, ಸಖರಾಯಪಟ್ಟಣ ಮತ್ತು ಒಂದು ಹೊಸ ಕಟ್ಟು ಶೀಟು!

"ಅಮ್ಮಂಗೂ ಮೆಷಿನ್ ಬಂತಂತೆ" ಎಂದಳು ಶಶಿಕಲಾ. ನಾನು ಸೋಡಾ ತರಲು ಹೊರಗೆ ಹೋದೆ.

ಮೊನ್ನೆ ಲೋಕೇಶನಿಗೆ ಜ್ವರ ಬಂತು. ದೇವರಾಣೆಗೂ ನಾನು ಹರಕೆ ಹೊತ್ತಿರಲಿಲ್ಲ. ಅಜ್ಜಂಪುರದ ಪಾರ್ಸಲ್ಲುಗಳನ್ನು ಒಂದು ದಿನದ ಮಟ್ಟಿಗೆ ನೀವೇ ಮುಟ್ಟಿಸಿ ಬನ್ನಿ ಎಂದು ಮೇಡಂ ಶೀಟು ಕೊಟ್ಟರು. ಜಗಲಿಯ ಮೇಲೆ ಅತ್ತೆ ಕೊರಳಿಗೆ ಮೆಷಿನ್ ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಸಾವಿತ್ರಮ್ಮ. ನಾನು ವ್ಯಾನಿನಿಂದ ಮೊದಲ ಪಾರ್ಸಲ್ ತಂದು ಮುಂದಿಟ್ಟೆ. ಅತ್ತೆ ಕೆಂಪು ಬೆಳಕು ಬಿಟ್ಟರು. ಪರದೆ ನೋಡಿದರು. ಇನ್ನೊಮ್ಮೆ ಬಿಟ್ಟರು. ಹುಬ್ಬು ಗಂಟಿಕ್ಕಿದರು.

"ತಂದೋರು ಯಾರು ಅಂತ ಕೇಳ್ತಾ ಐತೆ."

"ನಾನೇ ಅಲ್ವಾ ಅತ್ತೆ!"

"ಅದು ನಂಗೊತ್ತು ಅಳಿಯಂದ್ರೇ, ಇದಕ್ಕೆ ಗೊತ್ತಿಲ್ಲ. ಇದ್ರಾಗೆ ಲೋಕೇಶಪ್ಪನ ಹೆಸರು ಒಂದೇ ಇರೋದು."

"ನಾನು ಈ ಮನೆ ದೊಡ್ಡಳಿಯ!"

"ಯಾರು ಇಲ್ಲ ಅಂದ್ರು?" ಎಂದರು ಅತ್ತೆ, ಬಹಳ ಪ್ರೀತಿಯಿಂದಲೇ. "ಒಳಗೆ ಬನ್ನಿ, ಕೈ ತೊಳ್ಕಂಡು ಊಟ ಮಾಡಿ. ಪಾರ್ಸಲ್ ವ್ಯಾನಲ್ಲೇ ಇರ್ಲಿ. ಲೋಕೇಶಪ್ಪ ಹುಷಾರಾಗಿ ಬಂದಾಗ ಇಸ್ಕೊಂತೀನಿ."

ಊಟ ಮಾಡಿದೆ. ಪಾರ್ಸಲ್ಲುಗಳನ್ನು ಒಂದೂ ಬಿಡದಂತೆ ಕಡೂರಿಗೆ ವಾಪಸು ತಂದೆ. ಕೊಡಲಾಗದ ಪಾರ್ಸಲ್ಲುಗಳಿಗೆ ಶೀಟಿನಲ್ಲಿ ಕಾರಣ ಬರೆಯಲೇಬೇಕು. ಬಾಗಿಲು ಹಾಕಿತ್ತು, ವಿಳಾಸ ಸಿಗಲಿಲ್ಲ, ಹೀಗೆ ಏನಾದರೂ. ಮೇಡಂ ಎದುರಿಗೇ ಕುಳಿತು ಕಾಯುತ್ತಿದ್ದರು. ಬಾಗಿಲು ತೆರೆದೇ ಇತ್ತು, ವಿಳಾಸವಂತೂ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಹಳ ಹೊತ್ತು ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಬರೆದೆ: 'ತಂದವನು ಯಾರೆಂದು ಮನೆಯವರಿಗೆ ಗೊತ್ತಾಗಲಿಲ್ಲ.'